ಎರಡನೆಯ ಸಲ ಹೇಳುವವರು

ಬಂಡ್ರಿ
6 ಜನವರಿ 2025

ಇವರಿಂದ,
ಭುವನೇಶ್ವರಿ, ತಂದೆ ಪಕ್ಕೀರಪ್ಪ,
ಐದನೇ ತರಗತಿ, ಬಂಡ್ರಿ, ಸಂಡೂರು ತಾಲ್ಲೂಕು

ಇವರಿಗೆ,
ಫೋನಿನಲ್ಲಿ ಮಾತನಾಡುವವರು,
ಸಕ್ಕರೆ ಕಾಯಿಲೆ ಮಕ್ಕಳ ವಿಭಾಗ, ಹೊಸಪೇಟೆ

ಮಾನ್ಯರೆ,

ವಿಷಯ: ನೀವು ನನ್ನ ಮಾತನ್ನು ಕೇಳಿಸಿಕೊಳ್ಳದಿರುವ ಬಗ್ಗೆ.

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ, ದಿನಾ ಸಂಜೆ ಅವ್ವನ ಫೋನಿಗೆ ನಿಮ್ಮ ಕರೆ ಬರುತ್ತದೆ. ನೀವು ಇನ್ಸುಲಿನ್ ಬಗ್ಗೆ, ಕಾಲಿನ ಗಾಯದ ಬಗ್ಗೆ, ಬಾಳೆಹಣ್ಣು ಎಷ್ಟು ತಿನ್ನಬೇಕು ಎಂಬುದರ ಬಗ್ಗೆ ಹೇಳುತ್ತೀರಿ. ಮೊನ್ನೆ ನೀವು "ಗೊತ್ತಾಯಿತೆ?" ಎಂದು ಕೇಳಿದಿರಿ. ನಾನು "ಇಲ್ಲ ಸರ್" ಎಂದೆ. ನೀವು "ಶಭಾಷ್!" ಎಂದು ಮುಂದಕ್ಕೆ ಹೋದಿರಿ. ಜೋರಾಗಿ ಹೇಳಿದೆ. ಆಗಲೂ ನಿಲ್ಲಲಿಲ್ಲ. ನಮ್ಮ ಕೊಟ್ರಯ್ಯ ಮೇಷ್ಟ್ರು ಕೂಡ ಹಾಗೆ ಮಾಡುವುದಿಲ್ಲ.

ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಕಾಗದಕ್ಕೆ ಉತ್ತರ ಕೊಡಲೇಬೇಕು ಎಂದು ಪಾಠದಲ್ಲಿದೆ.

ನನಗೆ ಗೊತ್ತಾಗದ್ದು ಏನೆಂದರೆ, ಸೂಜಿಯನ್ನು ತಾನೇ ಹಾಕಿಕೊಳ್ಳುವುದು ಹೇಗೆ? ಈಗ ಅವ್ವ ಹಾಕುತ್ತಾಳೆ. ನಾನು ಕಂಪ್ಲಿಯ ಹತ್ತಿರದ ವಸತಿ ಶಾಲೆಯ ಪರೀಕ್ಷೆ ಕಟ್ಟಿದ್ದೇನೆ. ಅಲ್ಲಿ ಅವ್ವ ಇರುವುದಿಲ್ಲ. ಅಪ್ಪ ಹೇಳಿದ್ದಾರೆ: "ಜೂನ್ ಬರೋದ್ರಾಗ ನಿನ್ನ ಸೂಜಿ ನೀನಾ ಹಾಕ್ಕೊಂಡ್ರ ಕಂಪ್ಲಿ. ಇಲ್ಲಾಂದ್ರ ಬಂಡ್ರಿ." ನನಗೆ ಸೂಜಿ ಹಿಡಿದರೆ ಕೈ ಮುಂದಕ್ಕೆ ಬರುವುದಿಲ್ಲ. ಕೈ ನನ್ನದೇ, ಆದರೆ ಬರುವುದಿಲ್ಲ.

ಆದ್ದರಿಂದ ತಾವು ಒಂದು ಸಲವಾದರೂ ನಿಂತು ಕೇಳಬೇಕೆಂದು ಕೋರುತ್ತೇನೆ.

ತಮ್ಮ ವಿಧೇಯ ವಿದ್ಯಾರ್ಥಿನಿ,
ಭುವನೇಶ್ವರಿ ಪಿ.


ಚಿತ್ತವಾಡ್ಗಿ, ಹೊಸಪೇಟೆ
19 ಜನವರಿ 2025

ಭುವನೇಶ್ವರಿ,

ನಿನ್ನ ಅರ್ಜಿ ನರ್ಸ್ ರಮಾ ಅವರ ಕೈಯಿಂದ ನನಗೆ ತಲುಪಿತು. ಅವರು ಅದನ್ನು ಇಡೀ ವಿಭಾಗಕ್ಕೆ ಓದಿ ಹೇಳಿದ ಮೇಲೆ ನನಗೆ ಕೊಟ್ಟರು. ವಿಷಯ ನಿಜ. ನಾನು ಕೇಳಿಸಿಕೊಂಡಿಲ್ಲ. ನೀನು ಮಾತನಾಡುವಾಗ ನಾನು ಅಲ್ಲಿ ಇರುವುದೇ ಇಲ್ಲ. ನಿನಗೆ ಬರುವುದು ನಾನು ಎಂದೋ ಹೇಳಿ ಬಿಟ್ಟುಬಂದ ಮಾತು. ಕಂಪ್ಯೂಟರು ಅದನ್ನು ಹೊತ್ತಿಗೆ ಸರಿಯಾಗಿ ನಿಮ್ಮ ಮನೆಗಳಿಗೆ ಕಳಿಸುತ್ತದೆ.

ನಾನು ಡಾಕ್ಟರಲ್ಲ. ರಮಾ ಅವರು ಬರೆದುಕೊಟ್ಟದ್ದನ್ನು ಓದುತ್ತೇನೆ, ಅಷ್ಟೆ. ನನ್ನ ಕೆಲಸ ಬೇರೆ. ಆಟೋದ ಮೇಲೆ ಮೈಕು ಕಟ್ಟಿಕೊಂಡು ಬೀದಿ ಬೀದಿ ಸುತ್ತುತ್ತದಲ್ಲ, ಆ ದನಿ. ಸೀರೆ ಅಂಗಡಿಯ ರಿಯಾಯಿತಿ, ನಲ್ಲಿಯಲ್ಲಿ ನೀರು ಬಾರದ ದಿನ, ಪೋಲಿಯೋ ಹನಿ, ಕಳೆದುಹೋದ ಮಗು. ಆಟೋ ಯಾರಿಗಾಗಿಯೂ ನಿಲ್ಲುವುದಿಲ್ಲ. ಒಂದು ಮನೆಯ ಮುಂದೆ ಶುರುವಾದ ಮಾತು ಮುಂದಿನ ಮನೆಯ ಮುಂದೆ ಮುಗಿಯುತ್ತದೆ. ಅದಕ್ಕೇ ನಮ್ಮ ಕಸುಬಿನಲ್ಲಿ ಪ್ರತಿಯೊಂದನ್ನೂ ಎರಡು ಸಲ ಹೇಳುತ್ತೇವೆ. ಮೊದಲನೆಯದು ತಲೆ ಎತ್ತಿಸಲಿಕ್ಕೆ, ಎರಡನೆಯದು ಕೇಳಿಸಲಿಕ್ಕೆ. ನನ್ನ ಹೆಂಡತಿ ಅನುಸೂಯಾ ಹೇಳುವ ಪ್ರಕಾರ ನಾನು ಮನೆಯಲ್ಲಿ ಚಹಾ ಕೇಳುವುದೂ ಹಾಗೆಯೇ.

ಕಳೆದ ವಾರ ಹಂಪಿಯ ಬಸ್ ನಿಲ್ದಾಣದಲ್ಲಿ ನಿಂತಿದ್ದೆ. ನನ್ನದೇ ದನಿ ಒಂದು ಆಟೋದಲ್ಲಿ ಬಂತು. ಬಾಳೆಗೊಬ್ಬರದ ಬಗ್ಗೆ ಬಹಳ ಉತ್ಸಾಹದಿಂದ ಮಾತನಾಡುತ್ತಿತ್ತು. ಪಕ್ಕದಲ್ಲಿದ್ದವನು "ಏನ್ ಒದರ್ತಾನಲೇ ಇವ್ನು" ಎಂದು ನನಗೇ ಹೇಳಿದ. ನಾನೂ ಹೌದೆಂದು ತಲೆಯಾಡಿಸಿದೆ. ಆ ದನಿಯ ಮನುಷ್ಯನನ್ನು ನಾನು ಅಷ್ಟಾಗಿ ಬಲ್ಲವನಲ್ಲ. ಇಷ್ಟು ವರ್ಷ ಊರಿಗೆಲ್ಲ ಹೇಳುತ್ತ ಬಂದಿದ್ದಾನೆ. ತಿರುಗಿ ಉತ್ತರ ಕೊಟ್ಟವಳು ನೀನೇ ಮೊದಲು.

ಸೂಜಿಯ ಬಗ್ಗೆ ರಮಾ ಅವರನ್ನು ಕೇಳಿದೆ. ಮೋಸಂಬಿಗೆ ಚುಚ್ಚಿ ರೂಢಿ ಮಾಡಿಕೊಳ್ಳಬೇಕಂತೆ, ಹಳೆಯ ಸೂಜಿಯಿಂದಲ್ಲ, ಅವರೇ ಕೊಡುವ ಖಾಲಿ ಸೂಜಿಯಿಂದ. ಮೋಸಂಬಿಯ ಸಿಪ್ಪೆ ನಮ್ಮ ಚರ್ಮದ ಹಾಗೇ ಅಂತೆ. ನಿಜವೋ ಸುಳ್ಳೋ, ನೀನು ಬರೆದು ತಿಳಿಸು.

ಕೇಳಿಸಿಕೊಂಡವನು,
ಹುಲುಗೇಶ್


ಬಂಡ್ರಿ
23 ಫೆಬ್ರವರಿ 2025

ಹುಲುಗೇಶ್ ಮಾಮಾ,

ಅರ್ಜಿಯ ನಮೂನೆಯಲ್ಲಿ ಬರೆದರೆ ಜಾಗ ಸಾಲುವುದಿಲ್ಲ, ಅದಕ್ಕೆ ಹೀಗೆ. ಪರೀಕ್ಷೆ ಬರೆದೆ. ಸಂಡೂರಿನಲ್ಲಿತ್ತು. ಅಪ್ಪ ಅರ್ಧ ದಿನ ರಜೆ ಹಾಕಿ ಕರೆದುಕೊಂಡು ಹೋದರು. ಅಪ್ಪ ಗಣಿಯ ಲಾರಿಗಳಿಗೆ ತಾಡಪಾಲು ಕಟ್ಟುವ ಕೆಲಸ ಮಾಡುತ್ತಾರೆ. ದಾರಿಯಲ್ಲಿ ಹೋಗುವ ಪ್ರತಿ ಲಾರಿ ನೋಡಿ "ಇದು ನಾ ಕಟ್ಟಿದ್ದು", "ಇದ್ಯಾರೋ ಮಲಗಿ ಕಟ್ಯಾರ" ಎನ್ನುತ್ತಿದ್ದರು. ಲೆಕ್ಕ ಸುಲಭ ಇತ್ತು. ಕನ್ನಡದಲ್ಲಿ ಒಂದು ಬಿಟ್ಟೆ.

ಮೋಸಂಬಿ ಸಿಗಲಿಲ್ಲ. ಬದನೆಕಾಯಿಗೆ ಚುಚ್ಚಿದೆ. ಜಂಬವ್ವಜ್ಜಿ ನೋಡಿದಳು. "ಬದ್ನಿಕಾಯಿಗೂ ಸಕ್ರಿ ಬಂತೇನ್ಲೇ!" ಎಂದು ಊರಿಗೆಲ್ಲ ಕೇಳುವ ಹಾಗೆ ಕೂಗಿದಳು. ಆಮೇಲೆ ಅದನ್ನೇ ಪಲ್ಯ ಮಾಡಿದಳು. ಬದನೆಕಾಯಿಗೆ ಚುಚ್ಚಲು ನನಗೆ ಏನೂ ಭಯವಿಲ್ಲ. ನನಗೆ ಚುಚ್ಚಲು ಬರುತ್ತಿಲ್ಲ.

ಅಜ್ಜಿಗೆ ನಿಮ್ಮ ದನಿ ಗೊತ್ತಂತೆ. ಫೋನನ್ನು ಕಿವಿಗೆ ಇಟ್ಟ ಕೂಡಲೇ "ಅಯ್ಯ, ಇಂವ ಕರೆಂಟ್ ಹೋಗ್ತತಿ ಅಂತ ಹೇಳಾಂವ ಅಲ್ಲೇನ!" ಎಂದಳು. ನೀವು ಹೋಗುತ್ತದೆ ಎಂದರೆ ಕರೆಂಟು ಹೋಗೇ ಹೋಗುತ್ತದಂತೆ. ನೀವು ಹೇಳಿದ್ದು ಒಂದೂ ಸುಳ್ಳಾಗಿಲ್ಲವಂತೆ. ಈಗ ನಿಮ್ಮ ಕರೆ ಬಂದರೆ ಅಜ್ಜಿ ತಲೆಯ ಮೇಲೆ ಸೆರಗು ಹೊದ್ದುಕೊಂಡು ಕೂರುತ್ತಾಳೆ. ನಾನು ನಕ್ಕರೆ ಬೈಯುತ್ತಾಳೆ.

ಮೈ ಬೆವರಿದರೆ, ಕೈ ನಡುಗಿದರೆ, ಕಣ್ಣು ಮಂಜಾದರೆ ಸಕ್ಕರೆ ಇಳಿದಿದೆ ಎಂದು ನೀವು ಹೇಳಿದ್ದು ಬಾಯಿಪಾಠ ಆಗಿದೆ. ಸಕ್ಕರೆಯ ಪೊಟ್ಟಣ ಕಂಪಾಸು ಡಬ್ಬಿಯಲ್ಲಿದೆ. ಇರುವೆಗಳಿಗೂ ಅದು ಗೊತ್ತಾಗಿದೆ.

ನಿಮ್ಮ ಕಿವಿಗೆ ನೆಗಡಿಯಾಗದಿರಲಿ,
ಭುವಿ


ಹೊಸಪೇಟೆ
12 ಮಾರ್ಚ್ 2025

ಹುಲುಗೇಶ್ ಅವರೆ,

ಭುವನೇಶ್ವರಿ ಚೆನ್ನಾಗಿದ್ದಾಳೆ. ಮೊದಲು ಅದನ್ನು ಓದಿಕೊಂಡು, ಕೂತುಕೊಂಡು, ಮುಂದಿನದನ್ನು ಓದಿ. ಫೋನಿನಲ್ಲಿ ಹೇಳಬಹುದಿತ್ತು. ಆದರೆ ನಾನು ಹೇಳುತ್ತಿದ್ದಂತೆ ನೀವು ಮಾತನಾಡಲು ಶುರುಮಾಡುತ್ತೀರಿ. ನನಗೆ ಪೂರ್ತಿ ಹೇಳಬೇಕಿದೆ.

ಈ ತಿಂಗಳಿಂದ ನಾವು ಬೆಳಿಗ್ಗೆ ಹೊಸ ಕರೆ ಶುರುಮಾಡಿದೆವಲ್ಲ, ಸೂಜಿಯ ಹೊತ್ತಿನ ಕರೆ. ಸೋಮವಾರ ಅದು ಬಂಡ್ರಿಗೂ ಹೋಯಿತು. ಹುಡುಗಿಯ ತಾಯಿ ದುರ್ಗಕ್ಕ ಅವತ್ತು ತವರಿಗೆ ಹೋಗಿದ್ದಳು. ಫೋನನ್ನು ಮನೆಯಲ್ಲೇ ಬಿಟ್ಟು, ಸೂಜಿಯನ್ನು ಅಜ್ಜಿಗೆ ಕಲಿಸಿ ಹೋಗಿದ್ದಳು. ಜಂಬವ್ವ ಫೋನನ್ನು ಎದುರಿಗೆ ಇಟ್ಟುಕೊಂಡು, ಪೂಜೆಯಲ್ಲಿ ಅಯ್ಯನವರು ಹೇಳಿದಂತೆ ಮಾಡುತ್ತಾರಲ್ಲ, ಹಾಗೆ ನೀವು ಒಂದೊಂದು ಹೇಳಿದಂತೆ ಒಂದೊಂದು ಮಾಡಿದ್ದಾಳೆ. ನೀವು "ಈಗ ಸೂಜಿ ಹಾಕಿಕೊಳ್ಳಿ" ಎಂದಿರಿ. ಹಾಕಿದಳು. ನೀವು "ಮತ್ತೊಮ್ಮೆ, ಈಗ ಸೂಜಿ ಹಾಕಿಕೊಳ್ಳಿ" ಎಂದಿರಿ. ಮತ್ತೊಮ್ಮೆ ಹಾಕಿದಳು.

ಹುಡುಗಿ ಬೇಡವೆಂದಳಂತೆ. "ದೊಡ್ಡೋರು ಹೇಳಾಕತ್ಯಾರ, ಸುಮ್ಕಿರು" ಎಂದಳಂತೆ ಅಜ್ಜಿ. ಹುಡುಗಿ ಸುಮ್ಮನಿದ್ದಳು.

ಶಾಲೆಯ ದಾರಿಯಲ್ಲಿ ಕೈ ನಡುಗಿದೆ, ಬೆವರಿದೆ. ಅವಳು ಅಲ್ಲೇ ಕೂತು ಸಕ್ಕರೆ ಬಾಯಿಗೆ ಹಾಕಿಕೊಂಡು, ದಾರಿಹೋಕರ ಕೈಯಲ್ಲಿ ಮೇಷ್ಟ್ರಿಗೆ ಹೇಳಿಕಳಿಸಿದ್ದಾಳೆ: "ನನಗೆ ಇನ್ಸುಲಿನ್ ಎರಡು ಸಲ ಆಗಿದೆ, ಆಸ್ಪತ್ರೆಗೆ ಹೋಗಬೇಕು." ಸಂಜೆಯ ಕರೆಯಲ್ಲಿ ನೀವು ಹೇಳಿಕೊಟ್ಟ ಅದೇ ಮಾತು, ಅದೇ ಕ್ರಮದಲ್ಲಿ. ಮೇಷ್ಟ್ರು ಬೈಕಿನಲ್ಲಿ ಸಂಡೂರಿಗೆ ಕರೆದೊಯ್ದರು. ಅಲ್ಲಿ ಗ್ಲುಕೋಸ್ ಕೊಟ್ಟು ಒಂದು ರಾತ್ರಿ ಇಟ್ಟುಕೊಂಡು ಕಳಿಸಿದ್ದಾರೆ. ಈಗ ಏನೂ ತೊಂದರೆಯಿಲ್ಲ. ನಿಮ್ಮ ದನಿಯೇ ಕಲಿಸಿದ್ದು ಅವಳನ್ನು ಉಳಿಸಿತು ಎಂದು ನಾನು ಬರೆಯಬಹುದು. ಬರೆಯುವುದಿಲ್ಲ. ಎರಡೂ ಒಂದೇ ದನಿ.

ನಾನು ಬರೆದುಕೊಟ್ಟದ್ದು ಒಂದೇ ಸಲ. ನೀವು ಓದಿದ್ದು ಎರಡು ಸಲ. ಕೇಳಿ ಒಪ್ಪಿದವಳು ನಾನು. ಚೆನ್ನಾಗಿ ಮನಸ್ಸಿಗೆ ಹತ್ತುತ್ತದೆ ಎಂದೇ ಒಪ್ಪಿದ್ದೆ. ಬೆಳಗಿನ ಕರೆ ನಿಲ್ಲಿಸಿದ್ದೇವೆ. ಬೇರೆ ಎಲ್ಲ ಮನೆಗಳಿಗೂ ನಾನೇ ಫೋನ್ ಮಾಡಿ ವಿಚಾರಿಸಿದೆ. ಬೇರೆಲ್ಲೂ ಹೀಗಾಗಿಲ್ಲ.

ಹುಡುಗಿಯ ತಂದೆ ಫೋನು ತಾನೇ ಇಟ್ಟುಕೊಂಡಿದ್ದಾನೆ. ಕಂಪ್ಲಿಯ ಮಾತು ಎತ್ತಬಾರದು ಎಂದಿದ್ದಾನಂತೆ.

ಬಂದು ಹೊಸದಾಗಿ ಓದಿಕೊಡಿ. ಒಂದೇ ಸಲ.

ರಮಾ


ಚಿತ್ತವಾಡ್ಗಿ
16 ಮಾರ್ಚ್ 2025

ಪಕ್ಕೀರಪ್ಪನವರಿಗೆ,

ಫೋನಿನ ದನಿ ನನ್ನದು. ತಪ್ಪು ನಿಮ್ಮ ತಾಯಿಯದಲ್ಲ. ಅವರು ಕೇಳಿದಂತೆ ಮಾಡಿದರು. ಹೇಳಿದವನು ನಾನು.

ನಿಮ್ಮ ಮಗಳು ಕಂಪ್ಲಿಗೆ ಹೋಗುವುದು ಬಿಡುವುದು ನಿಮ್ಮ ಮನೆಯ ಮಾತು. ಅದರಲ್ಲಿ ನನ್ನ ತಪ್ಪನ್ನು ಅವಳ ಲೆಕ್ಕಕ್ಕೆ ಬರೆಯಬೇಡಿ ಎಂದಷ್ಟೇ ಕೇಳುತ್ತೇನೆ.

ಇದನ್ನು ಇನ್ನೊಂದು ಸಲ ಹೇಳಬೇಕೆನಿಸುತ್ತಿದೆ. ಹೇಳುವುದಿಲ್ಲ.

ಹುಲುಗೇಶ್


ಬಂಡ್ರಿ
20 ಏಪ್ರಿಲ್ 2025

ಹುಲುಗೇಶ್ ಮಾಮಾ,

ಅಪ್ಪ ಹೇಳುತ್ತಿದ್ದಾರೆ, ನಾನು ಬರೆಯುತ್ತಿದ್ದೇನೆ. ಒಂದು ಅಕ್ಷರ ಬದಲಾಯಿಸಬಾರದು ಎಂದಿದ್ದಾರೆ.

"ನಮಸ್ಕಾರ್ರಿ. ನಿಮ್ಮ ಕಾಗದ ಬಂದು ಭಾಳ ದಿನ ಆತು. ನೀವು ತಪ್ಪು ನಂದು ಅಂದ್ರಿ. ನಮ್ಮವ್ವ ತಪ್ಪು ನಂದು ಅಂತ ಮೂಲ್ಯಾಗ ಕುಂತಾಳ. ನರ್ಸಮ್ಮಾರು ಫೋನ್ ಮಾಡಿ ತಪ್ಪು ನಂದು ಅಂದ್ರು. ನನ್ನ ಹೆಂಡ್ತಿ ತವರಿಗೆ ಹೋಗಿದ್ದಾ ತಪ್ಪು ಅಂತಾಳ. ಇಷ್ಟು ಮಂದಿ ತಪ್ಪು ಮಾಡಾಕ ಇರೋದು ಒಂದಾ ಹುಡುಗಿ ಐತ್ರಿ.

ನಾನೂ ಲಾರಿಗೆ ತಾಡಪಾಲು ಕಟ್ಟೋವಾಗ ಹಗ್ಗ ಎರಡು ಸಲ ಎಳದು ನೋಡ್ತೀನಿ. ಎರಡು ಸಲ ಅನ್ನೋದು ತಪ್ಪಲ್ಲ. ಆದ್ರ ಹಗ್ಗಕ್ಕ ಜೀವ ಇಲ್ಲ.

ನಿಮ್ಮ ಮ್ಯಾಲ ಸಿಟ್ಟಿಲ್ಲ. ನನ್ನ ಚಿಂತಿ ಬ್ಯಾರೆ. ಅವತ್ತು ಅಜ್ಜಿ ಸುಮ್ಕಿರು ಅಂದ್ಲು, ಈಕಿ ಸುಮ್ಕಾದ್ಲು. ಗೊತ್ತಿದ್ದೂ ಸುಮ್ಕಾದ್ಲು. ನಾಳೆ ಕಂಪ್ಲ್ಯಾಗ ಯಾರ್ಯಾರೋ ದೊಡ್ಡೋರು ಇರ್ತಾರ. ಒಬ್ರು ಹಾಕ್ಕೋ ಅಂತಾರ, ಒಬ್ರು ಬ್ಯಾಡ ಅಂತಾರ. ಈಕಿ ಎಲ್ಲಾರಿಗೂ ಹೂಂ ಅಂದ್ರ? ಅದಕ್ಕ ಕಳಸಂಗಿಲ್ಲ. ಆತ್ರಿ, ಮುಗೀತು."

(ಇಲ್ಲಿಗೆ ಅಪ್ಪ ಬೀಡಿ ಹಚ್ಚಲು ಹೊರಗೆ ಹೋದರು. ಈಗ ಬರೆಯುವುದು ನಾನು, ಬೇಗ ಬೇಗ.)

ಮಾಮಾ, ಕಂಪ್ಲಿ ಶಾಲೆಯ ಪಟ್ಟಿ ಬಂದಿದೆ. ನನ್ನ ಹೆಸರಿದೆ! ಮೇಷ್ಟ್ರು ಮನೆಗೆ ಬಂದು ಹೇಳಿದರು. ಅಪ್ಪ ಅವರಿಗೆ ಚಹಾ ಕೊಟ್ಟು ಕಳಿಸಿದರು.

ಅವತ್ತು ನಾನು ಸುಮ್ಮನಾದದ್ದು ಏಕೆ ಎಂದು ದಿನಾ ಯೋಚಿಸುತ್ತೇನೆ. ನೀವು ಹೇಳುತ್ತಿದ್ದಿರಿ, ಅಜ್ಜಿ ಹೇಳುತ್ತಿದ್ದಳು. ನಾನು ಹೇಳಲು ನಡುವೆ ಜಾಗವೇ ಇರಲಿಲ್ಲ. ಒಂದು ಹೇಳುತ್ತೀರಿ, ಕೂಡಲೇ ಇನ್ನೊಂದು.

ಅದಕ್ಕೆ ನನ್ನದೊಂದು ವಿನಂತಿ. ಎರಡು ಸಲ ಹೇಳುವುದನ್ನು ಬಿಡಬೇಡಿ. ಮೊದಲನೆಯ ಸಲ ನೀವು ಹೇಳಿ. ಆಮೇಲೆ ಸುಮ್ಮನಿರಿ. ಎರಡನೆಯ ಸಲ ನಾನು ಹೇಳುತ್ತೇನೆ. ನೀವು "ಸೂಜಿ ಆಯಿತೆ?" ಎಂದು ಕೇಳಿ, ನಾನು "ಆಯಿತು, ಇನ್ನು ಬೇಡ" ಎನ್ನುತ್ತೇನೆ. ನಾನು ಹೇಳಿ ಮುಗಿಸುವವರೆಗೂ ನೀವು ಬಾಯಿ ಬಿಡಬಾರದು. ನಿಮಗೆ ಕಷ್ಟ ಆಗಬಹುದು.

ಅಪ್ಪ ಬಂದರು,
ಭು


ಚಿತ್ತವಾಡ್ಗಿ
11 ಮೇ 2025

ಭುವಿ,

ಕಷ್ಟವಾಯಿತು.

ನಿನ್ನ ವಿನಂತಿಯನ್ನು ರಮಾ ಅವರಿಗೆ ತೋರಿಸಿದೆ. ಅವರು ಓದಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಇದು ನಮಗೆ ಯಾಕೆ ಹೊಳೀಲಿಲ್ಲ" ಎಂದು ಯಾರನ್ನೂ ನೋಡದೆ ಕೇಳಿದರು. ಡಾಕ್ಟರಿಗೂ ತೋರಿಸಿ ಒಪ್ಪಿಸಿದರು. ಈಗ ಪ್ರತಿ ಮಾತಿನ ನಂತರ ಒಂದು ಸುಮ್ಮನಿರುವ ಜಾಗವಿದೆ. ಸೂಜಿಯ ಮಾತಿನ ಕೊನೆಗೆ "ಒಮ್ಮೆ ಆಗಿದ್ದರೆ, ಯಾರು ಹೇಳಿದರೂ ಇನ್ನೊಮ್ಮೆ ಬೇಡ" ಎಂಬುದೂ ಇದೆ.

ಸುಮ್ಮನಿರುವುದನ್ನು ಧ್ವನಿಮುದ್ರಣ ಮಾಡಬೇಕಾಯಿತು. ನೀನು ನಗಬಹುದು. ಮೈಕಿನ ಮುಂದೆ ಕೂತು ಬಾಯಿ ಮುಚ್ಚಿಕೊಂಡಿದ್ದು ನನ್ನ ಆಯುಷ್ಯದಲ್ಲಿ ಅದೇ ಮೊದಲು. ಆ ಕೆಲವು ಗಳಿಗೆಗಳಲ್ಲಿ ಒಬ್ಬ ಮನುಷ್ಯನಿಗೆ ತನ್ನ ಬಗ್ಗೆ ಬೇಡದ ಎಷ್ಟೋ ವಿಷಯ ತಿಳಿದುಬಿಡುತ್ತದೆ. ಆಮೇಲೆ ಕೇಳಿ ನೋಡಿದರೆ ಆ ಮೌನದಲ್ಲಿ ಇಡೀ ಚಿತ್ತವಾಡ್ಗಿ ಇತ್ತು. ನೀರಿನ ಟ್ಯಾಂಕರು, ಪಕ್ಕದ ಮನೆಯ ಕುಕ್ಕರು, ಯಾರೋ ಯಾರನ್ನೋ "ಬಾರಲೇ" ಎಂದು ಕರೆದದ್ದು. ಅಳಿಸಿ ಕೊಡುತ್ತೇನೆ ಎಂದೆ. ರಮಾ ಬೇಡವೆಂದರು. ಆ ಸದ್ದು ಇದ್ದರೆ ಯಾರೋ ಆ ಕಡೆ ಇದ್ದಾರೆ, ಕಾಯುತ್ತಿದ್ದಾರೆ ಎನಿಸುತ್ತದಂತೆ.

ಹೋದ ಗುರುವಾರ ವಿಭಾಗದಲ್ಲಿ ಮಕ್ಕಳನ್ನೆಲ್ಲ ಕೂರಿಸಿ ಒಂದೇ ಸಲ ಕೇಳಿಸಿದರು. ನಾನು ಬಾಗಿಲ ಹಿಂದೆ ನಿಂತಿದ್ದೆ. ನನ್ನ ದನಿ "ಕೈ ತೊಳೆದೆಯಾ?" ಎಂದಿತು. ಸುಮ್ಮನಾಯಿತು. ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿದರು. ಆಮೇಲೆ ಎಲ್ಲರೂ ಒಟ್ಟಿಗೆ "ತೊಳದೀನ್ರೀ!" ಎಂದು ಕೂಗಿದ ಕೂಗಿಗೆ ಪಕ್ಕದ ವಾರ್ಡಿನ ಡಾಕ್ಟರು ಓಡಿಬಂದರು. ಹಂಪಿಯ ಗೈಡ್ ಒಬ್ಬರ ಮಗ ಪ್ರತಿ ಉತ್ತರವನ್ನೂ ಕನ್ನಡದಲ್ಲಿ ಹೇಳಿ, ಮತ್ತೆ ಇಂಗ್ಲಿಷಿನಲ್ಲೂ ಹೇಳಿ, "ಯಾರರೆ ಫಾರಿನ್ನೋರು ಇದ್ರ?" ಎಂದು ಸಮಜಾಯಿಷಿ ಕೊಟ್ಟ. ಹೊರಗೆ ಬಂದಾಗ ನನಗೆ ಕಾರಣವಿಲ್ಲದೆ ಮಿರ್ಚಿ ತಿನ್ನಬೇಕೆನಿಸಿತು. ತಿಂದೆ.

ಬೆಳಗಿನ ಕರೆ ಜೂನ್ ಒಂದರಿಂದ ಮತ್ತೆ ಶುರು. ನಿಮ್ಮ ಮನೆಯ ನಂಬರು ಪಟ್ಟಿಯಲ್ಲಿ ಇರಬೇಕೋ ಬೇಡವೋ ಎಂಬುದನ್ನು ನಿನ್ನ ತಂದೆಯೇ ಹೇಳಬೇಕು. ನೀನು ಎಲ್ಲರಿಗೂ ಹೂಂ ಅಂದರೆ ಎಂದು ಅವರು ಕೇಳಿದ ಪ್ರಶ್ನೆ ಸರಿಯಾದದ್ದು. ಅದಕ್ಕೆ ಉತ್ತರವನ್ನು ಧ್ವನಿಮುದ್ರಣ ಮಾಡಿ ಕಳಿಸಲು ಬರುವುದಿಲ್ಲ.

ಸುಮ್ಮನಿರಲು ಕಲಿಯುತ್ತಿರುವ,
ಹುಲುಗೇಶ್


ಬಂಡ್ರಿ
4 ಜೂನ್ 2025

ಮಾಮಾ,

ನಿಮಗೆ ಎಲ್ಲವನ್ನೂ ಹೇಳಬೇಕು, ಕ್ರಮವಾಗಿ ಹೇಳುತ್ತೇನೆ.

ಮೊದಲು ಅಜ್ಜಿ. ಭಾನುವಾರದ ಹಿಂದಿನ ದಿನ ಅಜ್ಜಿ ಮೂಲೆಯಿಂದ ಎದ್ದು ಅಪ್ಪನ ಮುಂದೆ ಕೈ ಚಾಚಿದಳು.

"ಫೋನ್ ಕೊಡು."

"ಯಾಕಬೇ?"

"ಆ ಮನಷ್ಯಾನ ಕೂಡ ನನ್ನ ಮಾತು ಬಾಕಿ ಐತಿ. ಅಂವ ಎರಡೆರಡು ಸಲ ಮಾತಾಡ್ಯಾನ, ನಾ ಒಂದ್ಸಲನೂ ಮಾತಾಡಿಲ್ಲ."

"ಅದು ಮನಷ್ಯಾ ಅಲ್ಲಬೇ, ರೆಕಾರ್ಡು."

"ರೆಕಾರ್ಡಿಗೆ ತಾಯಿ ಇಲ್ಲೇನು? ಕೊಡು."

ಅಪ್ಪ ಕೊಟ್ಟರು. ಅಜ್ಜಿ ಕೇಳಿದರೆ ಅಪ್ಪ ಕೊಡದೆ ಇರುವುದಿಲ್ಲ. ನರ್ಸಮ್ಮನಿಗೆ ಅಪ್ಪನ ಕೈಯಿಂದಲೇ ಹೇಳಿಸಿ ನಮ್ಮ ನಂಬರು ಪಟ್ಟಿಗೆ ಸೇರಿಸಿದಳು.

ಭಾನುವಾರ ಬೆಳಿಗ್ಗೆ ಕರೆ ಬಂತು. ಅಜ್ಜಿ ಫೋನನ್ನು ಚಾಪೆಯ ಮೇಲಿಟ್ಟು ಎದುರಿಗೆ ಕೂತಳು. ಈ ಸಲ ಸೆರಗು ಹೊದ್ದಿರಲಿಲ್ಲ, ಸೊಂಟಕ್ಕೆ ಸಿಕ್ಕಿಸಿದ್ದಳು. ನೀವು "ಕೈ ತೊಳೆದೆಯಾ?" ಎಂದು ಕೇಳಿ ಸುಮ್ಮನಾದಿರಿ. ನಾನು ಬಾಯಿ ತೆರೆಯುವಷ್ಟರಲ್ಲಿ ಅಜ್ಜಿ ಶುರುಮಾಡಿದಳು.

"ಏನಪಾ ದೊಡ್ಡ ಮನಷ್ಯಾ! ನನ್ನ ಮೊಮ್ಮಗಳ್ನ ತಗದಾ ಬಿಡ್ತಿದ್ಯಲ್ಲೋ! ಕರೆಂಟ್ ಹೋಗ್ತತಿ ಅಂದಂಗ ಅಲ್ಲ ಇದು! ನಿನ್ನ ನಂಬಿ ನಾ ಚುಚ್ಚಿದೆ, ನನ್ನ ಕೈ ಸೇದಿ ಹೋಗ್ಲಿ, ನಿನ್ನ ನಾಲಗಿ..."

ನೀವು ಒಂದು ಮಾತೂ ಆಡಲಿಲ್ಲ. ಫೋನಿನೊಳಗಿಂದ ಟ್ಯಾಂಕರಿನ ಸದ್ದು ಮಾತ್ರ ಬರುತ್ತಿತ್ತು. ಅಜ್ಜಿ ಉಸಿರು ತೆಗೆದುಕೊಳ್ಳಲು ನಿಂತಳು. ಆಗ ನೀವು "ಒಳ್ಳೆಯದು" ಎಂದಿರಿ.

ಅಜ್ಜಿ ನಮ್ಮೆಲ್ಲರ ಮುಖ ನೋಡಿದಳು. "ನೋಡಿದ್ರ? ಎದುರು ಮಾತಾಡಲಿಲ್ಲ. ಬೈಸ್ಕೊಂಡು ಒಳ್ಳೇದು ಅಂದ. ಸಂಭಾವಿತ ಅದಾನ." ಎಂದು ಸೆರಗನ್ನು ಸೊಂಟದಿಂದ ಬಿಚ್ಚಿ ತಲೆಗೆ ಹೊದ್ದುಕೊಂಡಳು. ಅವ್ವ ಒಲೆಯ ಮುಂದೆ ಬಾಯಿಗೆ ಸೆರಗು ಅಡ್ಡ ಇಟ್ಟುಕೊಂಡು ನಗುತ್ತಿದ್ದಳು. ಅಷ್ಟು ದಿನದ ಮೇಲೆ ಅಜ್ಜಿ ಅವತ್ತು ಎರಡು ರೊಟ್ಟಿ ತಿಂದಳು.

ಆಮೇಲೆ ನಾನು. ಸಕ್ಕರೆ ನೋಡಿದೆಯಾ ಎಂದಿರಿ, ನೋಡಿದೆ ಎಂದೆ. ಎಷ್ಟು ಎಂದಿರಿ, ಹೇಳಿದೆ. ಅಳತೆಯನ್ನು ದೊಡ್ಡವರಿಗೆ ತೋರಿಸು ಎಂದಿರಿ, ಅವ್ವನಿಗೆ ತೋರಿಸಿದೆ. ಸೂಜಿ ಎಂದಿರಿ. ಸುಮ್ಮನಾದಿರಿ. ಎಲ್ಲರೂ ಸುಮ್ಮನಾದರು. ಅಜ್ಜಿ ಕೂಡ. ಮಾಮಾ, ಯಾರೂ ಏನೂ ಹೇಳದೆ ಇದ್ದಾಗ ಕೈ ತಾನಾಗಿ ಬಂತು. ಬದನೆಕಾಯಿಗಿಂತ ಸುಲಭ. ಬದನೆಕಾಯಿ ಜಾರುತ್ತದೆ.

"ಆಯಿತು, ಇನ್ನು ಬೇಡ" ಎಂದು ನಾನು ಕೂಗಿದ್ದು ಕೊಟ್ರಯ್ಯ ಮೇಷ್ಟ್ರ ಮನೆಗೆ ಕೇಳಿಸಿತಂತೆ.

ಅಪ್ಪ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಒಳಗೆ ಬಂದು ನನ್ನ ಎದುರು ಕುಕ್ಕರುಗಾಲಲ್ಲಿ ಕೂತರು.

"ಈಗ ಅಂವ ಇನ್ನೊಂದ್ಸಲ ಹಾಕ್ಕೋ ಅಂದ್ರ?"

"ಹಾಕ್ಕೊಳ್ಳಂಗಿಲ್ಲ."

"ಅಜ್ಜಿ ಅಂದ್ರ?"

"ಹಾಕ್ಕೊಳ್ಳಂಗಿಲ್ಲ."

ಅಜ್ಜಿ "ನಾ ಯಾಕ ಅನ್ಲಿ!" ಎಂದಳು. ಅಪ್ಪ ಅವಳ ಕಡೆ ನೋಡಲಿಲ್ಲ.

"ಕಂಪ್ಲ್ಯಾಗ ದೊಡ್ಡ ಮೇಡಂ ಅಂದ್ರ?"

"ಒಂದ್ಸಲ ಆಗೇತ್ರಿ ಅಂತೀನಿ."

"ನಾ ಅಂದ್ರ?"

ನಾನು ಅಪ್ಪನಿಗೆ ಇದುವರೆಗೆ ಯಾವುದಕ್ಕೂ ಇಲ್ಲ ಎಂದಿಲ್ಲ.

ಅಪ್ಪ ಎದ್ದು ನಿಂತರು. ದನಿ ಎತ್ತರಿಸಿದರು. "ನಾನಾ ಹೇಳಾಕತ್ತೀನಿ. ನಿಮ್ಮಪ್ಪ. ಇನ್ನೊಂದ್ಸಲ ಹಾಕ್ಕೋ. ತಗೋ ಸೂಜಿ."

ನಿಜವಾಗಿಯೂ ಸೂಜಿಯನ್ನು ನನ್ನ ಕೈಗೆ ಕೊಟ್ಟರು. ಅವ್ವ "ಏನಿದು" ಎಂದು ಎದ್ದಳು.

ನಾನು ಸೂಜಿಯನ್ನು ಡಬ್ಬಿಯಲ್ಲಿ ಹಾಕಿ ಮುಚ್ಚಳ ಒತ್ತಿದೆ. "ನೀ ಹೇಳಿದ್ರೂ ಇಲ್ಲಪಾ. ಹಸಿವಾಗೇತಿ, ರೊಟ್ಟಿ ಕೊಡು" ಎಂದೆ.

ಅಪ್ಪ ಸ್ವಲ್ಪ ಹೊತ್ತು ನನ್ನನ್ನೇ ನೋಡಿದರು, ಲಾರಿ ಹೊರಟ ಮೇಲೆ ಹಗ್ಗವನ್ನು ನೋಡುತ್ತಾರಲ್ಲ, ಹಾಗೆ. ಆಮೇಲೆ ತಾವೇ ಬುಟ್ಟಿಯಿಂದ ರೊಟ್ಟಿ ತೆಗೆದು ಕೊಟ್ಟರು. "ಹಂಗಾದ್ರ ಹೋಗು" ಎಂದರು. ಅಷ್ಟೇ. ನಾನು ಅರ್ಧ ರೊಟ್ಟಿ ತಿಂದ ಮೇಲೆ ನನಗೆ ಅರ್ಥವಾಯಿತು, ಕಂಪ್ಲಿಗೆ ಎಂದು.

ಹದಿನಾರಕ್ಕೆ ಹೋಗಬೇಕು. ಟ್ರಂಕು ಅಪ್ಪ ತರುತ್ತಾರೆ. ನೀಲಿ ಬಣ್ಣದ್ದು ಕೇಳಿದ್ದೇನೆ.

ಎರಡನೆಯ ಸಲ ಹೇಳುವವಳು,
ಭುವನೇಶ್ವರಿ ಪಕ್ಕೀರಪ್ಪ


ಚಿತ್ತವಾಡ್ಗಿ
29 ಜೂನ್ 2025

ಭುವಿ,

ನೀನು ಕಂಪ್ಲಿಗೆ ಹೋದ ಮೇಲೆ ಕಾಗದ ಬಂದಿಲ್ಲ. ಬರಬೇಕೆಂದು ಈ ಕಾಗದವಲ್ಲ. ಬಾರದಿರುವುದಕ್ಕೆ ಎರಡು ಕಾರಣಗಳಿರಬಹುದು: ನಿನಗೆ ಹುಷಾರಿಲ್ಲ, ಇಲ್ಲವೇ ಪುರುಸೊತ್ತಿಲ್ಲ. ಎರಡನ್ನೂ ಯೋಚಿಸಿ ಮೊದಲನೆಯದನ್ನು ಕೈಬಿಟ್ಟಿದ್ದೇನೆ.

ಹೋದ ವಾರ ಭತ್ತದ ಬೀಜದ ಪ್ರಚಾರಕ್ಕೆ ಕಂಪ್ಲಿಗೆ ಬಂದಿದ್ದೆ. ಸಾಮಾನ್ಯವಾಗಿ ನಾನು ಆಟೋದ ಜೊತೆ ಹೋಗುವುದಿಲ್ಲ, ದನಿಯನ್ನಷ್ಟೇ ಕಳಿಸುತ್ತೇನೆ. ಈ ಸಲ ಯಾಕೋ ಹತ್ತಿ ಕೂತೆ. ಓಡಿಸುತ್ತಿದ್ದ ಎರ್ರಿಯಪ್ಪ "ಏನ್ ಸಾಹೇಬ್ರು ಇವತ್ತು ಖುದ್ದು ಬಂದಾರ!" ಎಂದು ರೇಗಿಸಿದ. ನಿಮ್ಮ ಶಾಲೆಯ ಗೋಡೆಯ ಹತ್ತಿರ ಬಂದಾಗ ಮೈಕು ಆರಿಸು ಎಂದೆ. ಆರಿಸಿದ. ಗದ್ದೆಯಲ್ಲಿ ನೀರು ನಿಂತಿತ್ತು. ಗೋಡೆಯ ಆಚೆಯಿಂದ ಹುಡುಗಿಯರ ಗಲಾಟೆ ಕೇಳಿಸುತ್ತಿತ್ತು. ಅದರಲ್ಲಿ ನಿನ್ನ ದನಿ ಯಾವುದೆಂದು ನನಗೆ ಗೊತ್ತಾಗುವಂತಿರಲಿಲ್ಲ. ನಾನು ನಿನ್ನ ಅಕ್ಷರವನ್ನು ಬಲ್ಲೆ, ದನಿಯನ್ನು ಕೇಳಿಯೇ ಇಲ್ಲ. ಅದು ಅಂಥ ಕೊರತೆ ಎಂದು ಅನಿಸಲಿಲ್ಲ. ಎಲ್ಲ ದನಿಗಳೂ ಚೆನ್ನಾಗಿದ್ದವು.

"ಒಳಗ ಹೋಗಿ ಬರ್ರಿ" ಎಂದ ಎರ್ರಿಯಪ್ಪ. ಬೇಡವೆಂದೆ. ಸ್ವಲ್ಪ ಹೊತ್ತು ಕೇಳಿ, ಮೈಕು ಹಾಕಿಕೊಂಡು ಹೊರಟೆವು.

ಗೋಡೆಯ ಈಚೆಗಿದ್ದ,
ಹುಲುಗೇಶ್


ಕಂಪ್ಲಿ
20 ಜುಲೈ 2025, ಭಾನುವಾರ

ಮಾಮಾ,

ಬೇಗ ಬರೆಯುತ್ತೇನೆ, ಹೊರಗೆ ಕೂಗುತ್ತಿದ್ದಾರೆ.

ನಾನು ಖೋ ಖೋ ತಂಡದಲ್ಲಿದ್ದೇನೆ. ಮೊದಲ ದಿನ ಸೂಜಿ ಹಾಕಿಕೊಳ್ಳುವಾಗ ಕೋಣೆಯವರೆಲ್ಲ ಸುತ್ತ ನಿಂತರು. ಒಬ್ಬಳು ಕಣ್ಣು ಮುಚ್ಚಿಕೊಂಡಳು, ಒಬ್ಬಳು ನನಗೂ ಬೇಕು ಎಂದಳು. ಈಗ ಯಾರೂ ನೋಡುವುದಿಲ್ಲ, ಹಲ್ಲುಜ್ಜುವ ಹಾಗೆ. ದೊಡ್ಡ ಮೇಡಂ ಒಂದು ಸಲ ಮರೆತು "ಸೂಜಿ ಹಾಕ್ಕೊಂಡಿಲ್ಲಲ್ಲ ಇನ್ನೂ, ಹಾಕ್ಕೋ" ಎಂದರು. ಆಗಿದೆ ಮೇಡಂ, ಇನ್ನು ಬೇಡ ಎಂದೆ. ಅವರು ಸಾರಿ ಎಂದರು! ಅಪ್ಪನಿಗೆ ಬರೆದು ತಿಳಿಸಿದ್ದೇನೆ.

ಒಂದು ವಿಷಯ ನಿಮಗೆ ಬೇಸರ ಆಗಬಹುದು. ನಾನು ಬೆಳಿಗ್ಗೆ ನಿಮ್ಮ ಕರೆ ಕೇಳುತ್ತಿಲ್ಲ. ಅದು ಬರುವಷ್ಟರಲ್ಲಿ ನನ್ನ ಸೂಜಿ ಆಗಿ, ಉಪ್ಪಿಟ್ಟು ಆಗಿ, ನಾನು ಮೈದಾನದಲ್ಲಿರುತ್ತೇನೆ. ನರ್ಸಮ್ಮ ಪಟ್ಟಿಗೆ ಸೇರಿಸಿದ ಇಲ್ಲಿಯ ಶಾಲೆಯ ಫೋನು ಅಡುಗೆಮನೆಯಲ್ಲಿರುತ್ತದೆ. ಅಡುಗೆಯ ಭರಮಮ್ಮ ಅದನ್ನು ಎತ್ತಿ ನೀವು ಕೇಳಿದ್ದಕ್ಕೆಲ್ಲ ಉತ್ತರ ಕೊಡುತ್ತಾರೆ. "ಆಗೇತಪಾ, ತಿಂದಾಳಪಾ, ಓಡಿ ಹೋದ್ಲಪಾ, ನೀ ಉಂಡ್ಯಾ?" ನೀವು ಒಳ್ಳೆಯದು ಎನ್ನುತ್ತೀರಂತೆ.

ನನ್ನ ಸರದಿ ಬಂತು. ಉಳಿದದ್ದು ಆಮೇ